ದೊಡ್ಡ ಟೈರು ಹಾಕಿಸಿದ ವರ್ಷ

ರಾಮದುರ್ಗದ ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ಪಾತ್ರೆಗಳಿಗೆ ಹೆಚ್ಚು ಜಾಗವಿತ್ತು. ಮದುವೆ, ಬಸುರಿಯರ ಕುಬಸ, ಮನೆಯೊಕ್ಕಲು ಎಂದು ಸುತ್ತಲಿನ ಊರುಗಳಲ್ಲಿ ಎಲ್ಲಿ ನೂರಾರು ಜನ ಉಣ್ಣಬೇಕಿತ್ತೋ ಅಲ್ಲಿಗೆ ಅಡುಗೆಯ ಪಾತ್ರೆ, ಪೆಂಡಾಲಿನ ಬಟ್ಟೆ, ಗಳಗಳನ್ನು ಒಯ್ದು ಬಾಡಿಗೆಗೆ ಕೊಡುವುದು ನಮ್ಮವರ ಕಸುಬು. ಪಡಸಾಲೆಯಲ್ಲಿ ಒಂದರ ಹೊಟ್ಟೆಯೊಳಗೊಂದು ಕೂತ ಕೊಳಗಗಳು, ನಡುಮನೆಯ ಅಟ್ಟದ ಮೇಲೆ ಕೆಂಪು ಹಳದಿ ಪಟ್ಟಿಯ ಬಟ್ಟೆಯ ಗಂಟುಗಳು, ದೇವರ ಜಗಲಿಯ ಪಕ್ಕದ ಗೂಟಕ್ಕೂ ಮಾರುದ್ದದ ಸೌಟುಗಳು. ನನ್ನ ಹಾಸಿಗೆ ಬಿಚ್ಚುತ್ತಿದ್ದುದು ಅನ್ನದ ಎರಡು ಹಂಡೆಗಳ ನಡುವೆ ಉಳಿದ ಸಂದಿಯಲ್ಲಿ. ಪಾತ್ರೆಗಳು ಮರಳಿ ಬಂದ ದಿನ ಅವ್ವ ಮತ್ತು ಚಿಗವ್ವ ಹಿತ್ತಲಿನಲ್ಲಿ ಕೂತು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುತ್ತಿದ್ದರು. ಅಡುಗೆಮನೆಯಲ್ಲಿ ಕೂತ ಆಯಿ, ಎಂದರೆ ಅಪ್ಪನ ತಾಯಿ, ಮುಚ್ಚಳ ಬಿದ್ದ ಸಪ್ಪಳ ಕೇಳಿಯೇ ಅದು ಯಾವ ಕೊಳಗದ್ದು, ಬೀಳಿಸಿದವರು ಯಾರು ಎಂದು ಹೇಳುತ್ತಿದ್ದಳು. ತಪ್ಪುತ್ತಿದ್ದುದು ಅಪರೂಪ.

ಇಷ್ಟನ್ನೂ ಹೊತ್ತೊಯ್ಯಲು ಒಂದು ಪಿಕಪ್ ಇತ್ತು. ಅಪ್ಪ ಮತ್ತು ಅವನ ತಮ್ಮ ಈರಣ್ಣ ಕಾಕಾ ಇಬ್ಬರೂ ಅದನ್ನು ಓಡಿಸುತ್ತಿದ್ದರು. ಆದರೆ ಇಬ್ಬರ ಕೈ ಬೇರೆ. ಅಪ್ಪ ಹೊರಡುವ ಮೊದಲು ನಾಲ್ಕೂ ಚಕ್ರಗಳನ್ನು ಮುಟ್ಟಿ ನೋಡಿ, ಹಗ್ಗದ ಗಂಟು ಜಗ್ಗಿ, ಹಣೆಗೆ ವಿಭೂತಿ ಇದೆಯೋ ಇಲ್ಲವೋ ಎಂದು ಕನ್ನಡಿಯಲ್ಲಿ ಇಣುಕಿ, ಆಮೇಲೆ ಕೀಲಿ ತಿರುಗಿಸುವವನು. ಕಾಕಾ ಹತ್ತುವುದು, ಗಾಡಿ ಶುರುವಾಗುವುದು, ಓಣಿ ದಾಟುವುದು ಎಲ್ಲ ಒಂದೇ ಉಸಿರಿನಲ್ಲಿ. ಅಪ್ಪನಿಗಿಂತ ಅವನು ಹತ್ತು ವರ್ಷ ಚಿಕ್ಕವನು. ಅವನ ಮದುವೆಯಾಗಿ, ಚಿಗವ್ವ ನಮ್ಮ ಮನೆಗೆ ಬಂದು ಆಗಿನ್ನೂ ಎರಡು ವರ್ಷ. ಸಂಜೆ ಇಬ್ಬರೂ ಒಂದೇ ಚಾಪೆಯ ಮೇಲೆ ಕೂತು ಉಣ್ಣುತ್ತಿದ್ದರು. ಆಯಿ ಒಲೆಯಿಂದ ತೆಗೆದ ರೊಟ್ಟಿಯನ್ನು ಎರಡು ಮಾಡಿ ಒಂದೊಂದು ತುಂಡನ್ನು ಒಬ್ಬೊಬ್ಬರ ತಾಟಿಗೆ ಹಾಕುತ್ತಿದ್ದಳು.

ಜಗಳದ ಮೂಲ ಒಂದು ಮಳೆ. ತೊರಗಲ್ಲಿನ ಆಚೆ ಹೊಲದ ಮನೆಯೊಂದರಲ್ಲಿ ಮದುವೆ ಇತ್ತು. ಪಾತ್ರೆ ಹೇರಿಕೊಂಡು ಹೊರಟ ಕಾಕಾ ಡಾಂಬರು ಬಿಟ್ಟು ಎರೆಮಣ್ಣಿನ ದಾರಿಗೆ ಇಳಿಯುವುದಕ್ಕೂ ಮಳೆ ಹೊಡೆಯುವುದಕ್ಕೂ ಸರಿಹೋಯಿತು. ನಮ್ಮ ಕಡೆಯ ಕಪ್ಪು ಮಣ್ಣು ಹಸಿಯಾದರೆ ಹಿಡಿದದ್ದನ್ನು ಬಿಡುವುದಿಲ್ಲ. ಗಾಡಿ ಹೊಟ್ಟೆಯವರೆಗೆ ಹೂತು ನಿಂತಿತು. ಎರಡು ಜೋಡಿ ಎತ್ತು ಕಟ್ಟಿ ಜಗ್ಗಿಸಿ, ಪಾತ್ರೆ ಮುಟ್ಟಿಸುವ ಹೊತ್ತಿಗೆ ಬೀಗರು ಊಟದ ಹೊತ್ತು ಮೀರಿತೆಂದು ಎದ್ದು ನಿಂತಿದ್ದರು. ಹೆಣ್ಣಿನ ತಂದೆ ಎಲ್ಲರ ಮುಂದೆ ಕಾಕಾನಿಗೆ ಒಂದೇ ಮಾತು ಹೇಳಿದನಂತೆ:

“ನಿಮ್ಮ ಭಾಂಡೆ ನಂಬಿ ನನ್ನ ಮಾನ ಹೋತ್ರಿ.”

ಕಾಕಾ ಆ ಮಾತನ್ನು ಮನೆಗೆ ಬಂದು ಹೇಳಿದವನಲ್ಲ. ಜೊತೆಗೆ ಹೋಗಿದ್ದ ಹಮಾಲ ಯಮನಪ್ಪ ಹೇಳಿದ್ದು. ಕಾಕಾ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಹದಿನೈದು ದಿನದ ಮೇಲೆ ಬೈಲಹೊಂಗಲಕ್ಕೆ ಕೆಲಸವಿದೆಯೆಂದು ಗಾಡಿ ಒಯ್ದವನು ಮರಳಿ ಬಂದಾಗ ಗಾಡಿಯ ಗತ್ತೇ ಬೇರೆಯಾಗಿತ್ತು. ನಾಲ್ಕೂ ಚಕ್ರಗಳಿಗೆ ಮೊದಲಿನವಕ್ಕಿಂತ ದೊಡ್ಡ ಟೈರುಗಳು. ಕೆಳಗೆ ಬೆಕ್ಕು ಬಾಲವೆತ್ತಿ ಹೋಗುವಷ್ಟು ಎತ್ತರ. ಓಣಿಯ ಮಂದಿ ಸುತ್ತ ನಿಂತು ನೋಡಿದರು. ಕಾಕಾ ನನ್ನನ್ನು ಎತ್ತಿ ಒಳಗೆ ಕೂರಿಸಿದ. ಅಲ್ಲಿಂದ ನಮ್ಮ ಮನೆಯ ಕಟ್ಟೆ ಕೆಳಗೆ ಕಂಡಿತು.

“ಇನ್ನ ಎಂಥಾ ಎರಿ ಇರಲಿ ಪಾರೂ, ನಮ್ಮ ಗಾಡಿ ನಿಲ್ಲೂದಿಲ್ಲ,” ಎಂದ.

ಅಪ್ಪ ಹೊರಗೆ ಬಂದು ಒಂದು ಸುತ್ತು ಹಾಕಿದ. ಮುಂದಿನ ಚಕ್ರದ ಮೇಲಿನ ಮಡ್‌ಗಾರ್ಡಿನೊಳಗೆ ಕೈ ತೂರಿಸಿದ. ಬೆರಳು ಹೋದವು, ಅಂಗೈ ಹೋಗಲಿಲ್ಲ.

“ನನ್ನ ಕೇಳಬೇಕಾಗಿತ್ತು,” ಎಂದ.

“ಕೇಳಿದ್ರ ನೀ ಬ್ಯಾಡ ಅಂತಿದ್ದಿ.”

“ಹೌದು, ಅಂತಿದ್ದೆ. ಗಾಡಿ ಮಾಡಿದವರಿಗೆ ಬುದ್ಧಿ ಇಲ್ಲ ಅಂತ ಸಣ್ಣ ಟಾಯರ್ ಹಾಕ್ಯಾರೇನು?”

“ಅವರು ತೊರಗಲ್ಲಿನ ಹೊಲ ನೋಡಿಲ್ಲ, ಅಣ್ಣಾ. ಅಲ್ಲಿ ಮಂದಿ ಮುಂದ ನಿಂತಾವ ನಾನು.”

ಇಬ್ಬರ ಮಾತಿನಲ್ಲೂ ನಿಜವಿತ್ತು. ಇದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆ ಮಳೆಗಾಲ ಗಾಡಿ ಎಲ್ಲಿಯೂ ಹೂತುಕೊಳ್ಳಲಿಲ್ಲ. ಕೆಸರಿನ ಗಾಲಿ ಜಾಡುಗಳನ್ನು ಹೊಟ್ಟೆ ತಾಗಿಸದೆ ದಾಟಿಹೋಗುತ್ತಿತ್ತು. ಆದರೆ ಏರು ಬಂದರೆ ಏದುಸಿರು ಬಿಡುತ್ತಿತ್ತು. ಮೊದಲು ಮೂರನೇ ಗೇರಿನಲ್ಲಿ ಹತ್ತುತ್ತಿದ್ದಲ್ಲಿ ಈಗ ಎರಡಕ್ಕೆ ಇಳಿಸಬೇಕು. ಬ್ರೇಕು ತುಳಿದ ಮೇಲೆ ಎಂದಿನ ಜಾಗದಲ್ಲಿ ನಿಲ್ಲದೆ ಎರಡು ಮಾರು ಮುಂದೆ ಹೋಗುತ್ತಿತ್ತು. ಮೇಲೆ ಭಾರವಿದ್ದರೆ ತಿರುವಿನಲ್ಲಿ ಹೊರಗಿನ ಮಗ್ಗುಲಿಗೆ ವಾಲುತ್ತಿತ್ತು. ಅಪ್ಪ ಇದನ್ನೆಲ್ಲ ಮನಸ್ಸಿನಲ್ಲಿ ಬರೆದುಕೊಳ್ಳುತ್ತಿದ್ದ. ಒಂದು ದಿನ ಕೈಗಡಿಯಾರ ನೋಡುತ್ತ, ರಸ್ತೆಯ ಕಿಲೋಮೀಟರು ಕಲ್ಲುಗಳನ್ನು ಎಣಿಸುತ್ತ ಗಾಡಿ ಓಡಿಸಿ ಬಂದು, ಮುಳ್ಳು ತೋರಿಸುವ ವೇಗಕ್ಕಿಂತ ಗಾಡಿ ಜೋರಾಗಿ ಓಡುತ್ತಿದೆ ಎಂದ. ನನಗೆ ನಂಬಿಕೆ ಬರಲಿಲ್ಲ. ಆಗ ಅವನು ಪಡಸಾಲೆಯಲ್ಲಿ ಒಂದು ದೊಡ್ಡ ಮುಚ್ಚಳ, ಒಂದು ಚಿಕ್ಕ ಮುಚ್ಚಳ ತಂದು, ಎರಡರ ಅಂಚಿಗೂ ಸುಣ್ಣದ ಚುಕ್ಕೆ ಇಟ್ಟು, ಗೋಡೆಯಿಂದ ಒಂದೊಂದೇ ಸುತ್ತು ಉರುಳಿಸಿದ. ದೊಡ್ಡದು ಮುಂದೆ ಹೋಗಿ ನಿಂತಿತು.

“ಮುಳ್ಳು ಸುತ್ತು ಅಷ್ಟ ಎಣಸ್ತೈತಿ. ಸುತ್ತು ದೊಡ್ಡದಾಗೈತಿ ಅನ್ನೂದು ಅದಕ್ಕ ಗೊತ್ತಿಲ್ಲ.”

ಒಳಗಿನಿಂದ ಆಯಿ, ಉಪ್ಪಿಟ್ಟಿನ ಕೊಳಗದ ಮುಚ್ಚಳ ಹಾಳುಮಾಡಬೇಡಿ ಎಂದು ಗದರಿದಳು. ಅಪ್ಪ ಇಷ್ಟನ್ನು ಕಾಕಾನಿಗೆ ತೋರಿಸಬಹುದಿತ್ತು. ತೋರಿಸಿದ್ದು ನನಗೆ. ಏಕೆಂದರೆ ಅಷ್ಟರಲ್ಲಿ ಅವರಿಬ್ಬರ ಮಾತು ನಿಂತಿತ್ತು.

ಮಾತು ನಿಂತ ಮನೆಯಲ್ಲಿ ಬೆಳೆಯುವುದು ಹೇಗಿರುತ್ತದೆ ಎಂದು ಬಲ್ಲವರೇ ಬಲ್ಲರು. ಅಪ್ಪ ಮೊದಲು ಉಂಡು ಏಳುತ್ತಿದ್ದ, ಅವನು ಕೈ ತೊಳೆದ ಸಪ್ಪಳ ಕೇಳಿದ ಮೇಲೆ ಕಾಕಾ ಬಂದು ಕೂರುತ್ತಿದ್ದ. ಆಯಿ ರೊಟ್ಟಿ ಮುರಿಯುವುದನ್ನು ಬಿಟ್ಟಳು. ಅವ್ವ ಮತ್ತು ಚಿಗವ್ವ ಹಿತ್ತಲಿನಲ್ಲಿ ಒಂದೇ ಹಂಡೆಯನ್ನು ಆ ಕಡೆಯಿಂದೊಬ್ಬರು ಈ ಕಡೆಯಿಂದೊಬ್ಬರು ತಿಕ್ಕುತ್ತಿದ್ದರೂ ಮುಖ ಎತ್ತುತ್ತಿರಲಿಲ್ಲ. ಪಾತ್ರೆ ಇಡುವ ಸಪ್ಪಳದಲ್ಲೇ ಸಿಟ್ಟು ಕೇಳುತ್ತಿತ್ತು. ಆದರೆ ಕಸುಬು ನಡೆಯಬೇಕಲ್ಲ, ಯಾವ ಊರಿಗೆ ಎಷ್ಟು ಕೊಳಗ, ಯಾವಾಗ ಹೊರಡುವುದು, ಇದನ್ನು ಒಬ್ಬರಿಂದೊಬ್ಬರಿಗೆ ಮುಟ್ಟಿಸುವವರು ಬೇಕು. ಆ ಕೆಲಸ ಹನ್ನೊಂದು ವರ್ಷದ ನನ್ನ ಪಾಲಿಗೆ ಬಂತು. “ಪಾರೂ, ನಿಮ್ಮ ಕಾಕಾಗ ಹೇಳು” ಎಂದು ಪಡಸಾಲೆಯಿಂದ, “ಪಾರೂ, ನಿಮ್ಮಪ್ಪಗ ಹೇಳು” ಎಂದು ಹಿಂದಿನ ಕೋಣೆಯಿಂದ. ನಡುವೆ ಇದ್ದದ್ದು ಒಂದು ನಡುಮನೆ.

ಮೊದಮೊದಲು ಕೇಳಿದ್ದನ್ನು ಕೇಳಿದ ಹಾಗೆಯೇ ಒಯ್ಯುತ್ತಿದ್ದೆ. ಆಗ ಕೇಳಿದವರ ಮುಖ ಕಪ್ಪಿಡುತ್ತಿತ್ತು, ಆ ಕಪ್ಪನ್ನು ನೋಡುತ್ತ ನಿಲ್ಲಬೇಕಾದವಳು ನಾನು. ಕೆಲವು ದಿನಗಳ ಮೇಲೆ ಬಿರುಸು ಮಾತುಗಳನ್ನು ದಾರಿಯಲ್ಲೇ ಬಿಡಲು ಕಲಿತೆ. “ಆ ಹುಂಬಗ ಹೇಳು, ಟಾಯರ್ ಗಾಳಿ ನೋಡಿಕೊಂಡು ಹೋಗ ಅಂತ” ಎಂಬುದು ನಡುಮನೆ ದಾಟುವಷ್ಟರಲ್ಲಿ “ಗಾಳಿ ನೋಡಿಕೋಬೇಕಂತ” ಆಗುತ್ತಿತ್ತು. ಆಮೇಲೆ ಇಲ್ಲದ್ದನ್ನು ಸೇರಿಸಲೂ ಕಲಿತೆ. ಅಪ್ಪ ಕೇಳದಿದ್ದರೂ “ಕಾಕಾ ಉಂಡಾನೇನು ಅಂತ ಕೇಳಿದ” ಎಂದು ಹೇಳಿಬಿಡುತ್ತಿದ್ದೆ. ಮನೆ ಸ್ವಲ್ಪ ತಣ್ಣಗಾದಂತೆ ಅನಿಸುತ್ತಿತ್ತು. ನಾನು ಬಹಳ ಜಾಣೆ ಎಂದುಕೊಂಡಿದ್ದೆ. ಈಗ ದವಾಖಾನೆಯಲ್ಲಿ ನರ್ಸ್ ಆಗಿ ಇಷ್ಟು ವರ್ಷ ಕಳೆದ ಮೇಲೂ, ಪಾಳಿ ಮುಗಿಸಿ ಹೊರಡುವಾಗ ಮುಂದಿನವಳಿಗೆ ಡಾಕ್ಟರು ಅಂದದ್ದನ್ನು ಅಕ್ಷರ ಬಿಡದೆ ಒಪ್ಪಿಸಿ, ಅವಳ ಬಾಯಿಂದ ಮತ್ತೊಮ್ಮೆ ಹೇಳಿಸಿ, ಆಮೇಲೆ ಚಪ್ಪಲಿ ಮೆಟ್ಟುತ್ತೇನೆ. ಹೊಸ ಹುಡುಗಿಯರು ನಗುತ್ತಾರೆ. ಅವರಿಗೆ ನಾನು ಉಗರಗೋಳದ ಇಳುಕಲಿನ ಕತೆ ಹೇಳಿಲ್ಲ.

ಉಗರಗೋಳದ ಒಂದು ಮನೆಯವರು ಎಲ್ಲಮ್ಮನ ಗುಡ್ಡದ ಮೇಲೆ ನೆಂಟರಿಷ್ಟರಿಗೆ ಊಟ ಹಾಕಿಸುವವರಿದ್ದರು. ಪಾತ್ರೆ, ಗಳ, ಬಟ್ಟೆಗಳನ್ನು ಹಿಂದಿನ ದಿನವೇ ಎರಡು ಸಲಕ್ಕೆ ಮುಟ್ಟಿಸಿ ಆಗಿತ್ತು. ಊಟ ಮುಗಿದ ಮೇಲೆ ಎಲ್ಲವನ್ನೂ ಇಳಿಸಿ ತರಬೇಕು. ಆ ದಿನ ಅಪ್ಪ ಬೇರೊಂದು ಮದುವೆಯ ಮಾತಿಗೆ ಬಸ್ಸಿನಲ್ಲಿ ಬೈಲಹೊಂಗಲಕ್ಕೆ ಹೊರಟಿದ್ದ. ಶಾಲೆಗೆ ಸೂಟಿ, ಕಾಕಾ ನನ್ನನ್ನು ಗುಡ್ಡಕ್ಕೆ ಕರೆದೊಯ್ಯುತ್ತೇನೆ ಎಂದಿದ್ದ. ಬೆಳಿಗ್ಗೆ ಅಪ್ಪ ಪೂಜೆ ಮುಗಿಸಿ ಎದ್ದು, ಹೊರಗೆ ಹೋಗಿ ಗಾಡಿಯ ಬಲಗಡೆಯ ಮುಂದಿನ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತು ನೋಡಿದ. ಒಳಗೆ ಬಂದವನು ನನ್ನನ್ನು ಕರೆದು ನಿಧಾನವಾಗಿ ಹೇಳಿದ:

“ನಿಮ್ಮ ಕಾಕಾಗ ಹೇಳು. ಎಡಕ್ಕ ಪೂರಾ ತಿರುವಿದಾಗ ಬಲಗಡೆ ಟಾಯರ್ ಮಡ್‌ಗಾರ್ಡಿಗೆ ತಿಕ್ಕಾಕ ಹತ್ತೈತಿ. ರಬ್ಬರ್ ಕೆತ್ತಿದ್ದು ನಾ ನೋಡೇನಿ. ಖಾಲಿ ಇದ್ದಾಗ ನಡೀತೈತಿ, ಹೇರಿದ್ರ ನಡಿಯೂದಿಲ್ಲ. ಗುಡ್ಡ ಇಳಿಯೂವಾಗ ಅರ್ಧಾನ ಹೇರು, ಎರಡು ಸಲ ಮಾಡು. ತಿಳೀತಿಲ್ಲೊ?”

ತಿಳಿಯಿತು ಎಂದೆ. ನಿಜವಾಗಿಯೂ ತಿಳಿದಿತ್ತು. ಹಿಂದಿನ ಕೋಣೆಗೆ ಹೋದಾಗ ಕಾಕಾ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಚಿಗವ್ವ ಗೋಡೆಗೆ ಮುಖ ಮಾಡಿ ನಿಂತಿದ್ದಳು, ಅವಳ ಕಣ್ಣು ಕೆಂಪಗಿತ್ತು. ಆಗಷ್ಟೇ ಏನೋ ನಡೆದಿತ್ತು. ಕಾಕಾ ನನ್ನ ಕಡೆ ತಿರುಗಿದ.

“ಏನಂತ? ಏನ್ ತಪ್ಪು ಕಂಡಾನ ಇವತ್ತ?”

ನನ್ನ ಬಾಯಿಗೆ ಬಂದದ್ದು ಬೇರೆ.

“ಹುಷಾರಾಗಿ ಹೋಗಿ ಬಾ ಅಂದಾನ,” ಎಂದೆ.

ಕಾಕಾನ ಕೈ ಗುಂಡಿಯ ಮೇಲೆ ನಿಂತಿತು. “ಖರೇನ?” ಎಂದ. ಹೂಂ ಎಂದೆ. ತಿಂಗಳುಗಟ್ಟಲೆ ಕಾಣದಿದ್ದ ನಗು ಅವನ ಮುಖದ ಮೇಲೆ ಬಂತು. ಅದಕ್ಕಾಗಿಯೇ ನಾನು ಹಾಗೆ ಹೇಳಿದ್ದು.

ಗುಡ್ಡದ ಮೇಲೆ ಊಟ ಮುಗಿದಾಗ ಬಿಸಿಲು ಇನ್ನೂ ಜೋರಾಗಿತ್ತು. ಕಾಕಾ ಮತ್ತು ಯಮನಪ್ಪ ಹೇರತೊಡಗಿದರು. ಮೊದಲು ಗಳಗಳು, ಅವುಗಳ ಮೇಲೆ ಕೊಳಗಗಳು, ಹಂಡೆಗಳು, ತೊಳೆದು ಒರೆಸದೆ ಇದ್ದ ತಾಟುಗಳ ಚೀಲಗಳು, ಎಲ್ಲದರ ಮೇಲೆ ಬಟ್ಟೆಯ ಗಂಟುಗಳು. ರಾಶಿ ನನ್ನ ಕಣ್ಣೆದುರೇ ಕ್ಯಾಬಿನ್ನಿಗಿಂತ ಎತ್ತರಕ್ಕೆ ಬೆಳೆಯಿತು. ಅರ್ಧಕ್ಕೆ ಬಂದಾಗ ಹೇಳಬೇಕೆಂದು ಹತ್ತಿರ ಹೋದೆ. ಈಗ ಹೇಳಿದರೆ ಬೆಳಿಗ್ಗೆ ಸುಳ್ಳು ಹೇಳಿದ್ದು ಗೊತ್ತಾಗುತ್ತದೆ ಎಂದು ಹಿಂದೆ ಸರಿದೆ. ಯಮನಪ್ಪನೇ ಒಮ್ಮೆ ಕೇಳಿದ:

“ಸಾವುಕಾರ್ರ, ಎರಡ ಸಲಕ್ಕ ಒಯ್ಯೂಣೇನ್ರಿ?”

“ಇಷ್ಟಕ್ಕ ಎರಡ ಸಲ ಯಾಕೊ. ಒಂದ ಸಲಕ್ಕ ಇಳಸೂಣು, ಅಣ್ಣ ಬರೂದ್ರಾಗ ಮನಿ ಮುಟ್ಟೂಣು,” ಎಂದು ಕಾಕಾ ಹಗ್ಗ ಬಿಗಿದ. ಅವನು ಖುಷಿಯಲ್ಲಿದ್ದ.

ಯಮನಪ್ಪ ಗಂಟುಗಳ ಮೇಲೆ ಹತ್ತಿ ಕೂತ. ನಾನು ಕಾಕಾನ ಪಕ್ಕದಲ್ಲಿ. ಇಳುಕಲು ಶುರುವಾಯಿತು. ಎಡಕ್ಕೆ ಹೊರಳಿದ ಮೊದಲನೆಯ ತಿರುವಿನಲ್ಲಿ ಕಾಕಾನ ಕಾಲ ಕೆಳಗಿನಿಂದ ಕರ್‌ ಎಂಬ ಸಪ್ಪಳ ಬಂತು, ಒಣ ತೆಂಗಿನ ಚಿಪ್ಪನ್ನು ಕಲ್ಲಿಗೆ ಉಜ್ಜಿದ ಹಾಗೆ. ಕಾಕಾ ಹುಬ್ಬು ಗಂಟಿಕ್ಕಿ ಕಿವಿಗೊಟ್ಟ. ಸುಟ್ಟ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ನಾನು ಸೀಟಿನ ಅಂಚನ್ನು ಹಿಡಿದುಕೊಂಡೆ. “ಕಾಕಾ,” ಎಂದೆ. ಅವನು “ತಡಿ” ಎಂದ. ಎರಡನೆಯ ತಿರುವೂ ಎಡಕ್ಕೆ, ಬಹಳ ಕಡಿದಾದದ್ದು. ಅದರ ಹೊರ ಅಂಚಿನಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತ ನಾಲ್ಕೈದು ಹೆಣ್ಣುಮಕ್ಕಳು ಗುಡ್ಡ ಹತ್ತಿ ಬರುತ್ತಿದ್ದರು. ಕಾಕಾ ಸ್ಟೇರಿಂಗ್ ತಿರುವಿದ. ರಾಶಿಯೆಲ್ಲ ಬಲಕ್ಕೆ ವಾಲಿತು, ಬಲಗಡೆಯ ಚಕ್ರದ ಮೇಲೆ ಗಾಡಿ ಕುಸಿದು ಕೂತಿತು, ಟೈರು ಮಡ್‌ಗಾರ್ಡಿಗೆ ಕಚ್ಚಿಕೊಂಡಿತು. ಸ್ಟೇರಿಂಗ್ ಅರ್ಧಕ್ಕೇ ನಿಂತಿತು. ಅವನು ಎರಡೂ ಕೈಗಳಿಂದ ಜಗ್ಗಿದ, ಬ್ರೇಕಿನ ಮೇಲೆ ಎದ್ದು ನಿಂತ. ಗಾಡಿ ನೇರವಾಗಿ ಆ ಹೆಣ್ಣುಮಕ್ಕಳ ಕಡೆಗೆ ಜಾರಿತು. ಅವರಲ್ಲಿ ಒಬ್ಬಳ ಹಸಿರು ಬಳೆಗಳು ಕಾಣುವಷ್ಟು ಹತ್ತಿರ.

ಆಮೇಲೆ ಅವನು ಮಾಡಿದ್ದು ನನಗೆ ದೊಡ್ಡವಳಾದ ಮೇಲೆ ಅರ್ಥವಾಯಿತು. ಒಂದು ಗಳಿಗೆ ಸ್ಟೇರಿಂಗನ್ನು ತುಸು ಬಲಕ್ಕೆ, ಆ ಹೆಣ್ಣುಮಕ್ಕಳ ಕಡೆಗೇ ಸಡಿಲಿಸಿ, ಕಚ್ಚಿಕೊಂಡ ಟೈರನ್ನು ಬಿಡಿಸಿ, ಮತ್ತೆ ಒಂದೇ ಏಟಿಗೆ ಎಡಕ್ಕೆ ಹೊಡೆದ. ಗಾಡಿ ತಿರುಗಿತು, ಆದರೆ ಮೇಲಿನ ಭಾರ ತಿರುಗಲಿಲ್ಲ. ಆಕಾಶ ನನ್ನ ಕಿಟಕಿಗೆ ಬಂತು. ಗಾಡಿ ಬಲಮಗ್ಗುಲಾಗಿ ಬಿದ್ದಾಗ ನಾನು ಕಾಕಾನ ಮೇಲೆ ಬಿದ್ದೆ. ಕೊಳಗಗಳು ಗಣಗಣ ಎನ್ನುತ್ತ ಗುಡ್ಡದ ಕೆಳಗೆ ಉರುಳುತ್ತ ಹೋದದ್ದು ಬಹಳ ಹೊತ್ತು ಕೇಳಿಸಿತು. ಹೆಣ್ಣುಮಕ್ಕಳಿಗೆ ಏನೂ ಆಗಿರಲಿಲ್ಲ. ಅವರೇ ಬುಟ್ಟಿ ಇಳಿಸಿ ಓಡಿ ಬಂದು ನನ್ನನ್ನು ಮೇಲಿನಿಂದ ಎತ್ತಿ ತೆಗೆದರು. ಗಂಟುಗಳ ಜೊತೆಗೇ ಹಾರಿಬಿದ್ದ ಯಮನಪ್ಪನ ಮೊಣಕೈ ಕೆತ್ತಿತ್ತು, ಅಷ್ಟೆ. ಕಾಕಾನ ಬಲಗಾಲು ಬಾಗಿಲಿನ ಕೆಳಗೆ ಸಿಕ್ಕಿತ್ತು. ಅವನು ಕೂಗಲಿಲ್ಲ. “ಪಾರೂಗ ಏನಾಗೇತಿ ನೋಡ್ರಿ” ಎಂದು ಎರಡು ಸಲ ಅಂದು ಕಣ್ಣು ಮುಚ್ಚಿದ.

ಸುದ್ದಿ ಮುಟ್ಟಿ ಅಪ್ಪ ಸವದತ್ತಿಯ ದವಾಖಾನೆಗೆ ಬಂದಾಗ ಸಂಜೆಯಾಗಿತ್ತು. ಕಾಕಾನ ಕಾಲಿಗೆ ಪಟ್ಟಿ ಕಟ್ಟಿದ್ದರು. ನಾನು ಮಂಚದ ತುದಿಯಲ್ಲಿ ಕೂತಿದ್ದೆ. ಅಪ್ಪ ನನ್ನ ತಲೆ, ಕೈ, ಬೆನ್ನು ಮುಟ್ಟಿ ನೋಡಿದ. ಆಮೇಲೆ ತಿಂಗಳುಗಳ ನಂತರ ಮೊದಲ ಸಲ ತಮ್ಮನ ಜೊತೆ ನೇರವಾಗಿ ಮಾತಾಡಿದ.

“ಹುಡುಗಿ ಕೈಯಾಗ ಹೇಳಿ ಕಳಿಸಿದ್ನಲ್ಲ? ಟಾಯರ್ ಹತ್ತತೈತಿ, ಅರ್ಧಾ ಹೇರು ಅಂತ?”

ಕಾಕಾ ನನ್ನನ್ನು ನೋಡಿದ. ಅವನು ಎಲ್ಲವನ್ನೂ ನನ್ನ ಮುಖದಲ್ಲೇ ಓದಿಕೊಂಡ.

“ಹೇಳಿದ್ಲು,” ಎಂದ. “ನಾನ ಕೇಳಲಿಲ್ಲ.”

ಅಪ್ಪ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ನಾನು ಬಾಯಿ ತೆರೆಯಲು ಅದೇ ಸರಿಯಾದ ಗಳಿಗೆಯಾಗಿತ್ತು, ಅದು ದಾಟಿಹೋಯಿತು.

ಮುಂದಿನ ದಿನಗಳು ಆ ಇಳುಕಲಿಗಿಂತ ಕೆಟ್ಟವು. ಕಾಕಾನನ್ನು ಪಡಸಾಲೆಯ ಮಂಚದ ಮೇಲೆ ಮಲಗಿಸಿದ್ದರು. ಅಪ್ಪ ಹೋಗುತ್ತ ಬರುತ್ತ ಆ ಕಡೆ ನೋಡುತ್ತಿರಲಿಲ್ಲ. ತನ್ನ ಮಗಳನ್ನು ಕೂರಿಸಿಕೊಂಡು, ತನ್ನ ಮಾತು ಕೇಳಿಯೂ ಕೇಳದೆ ಇಳಿದನಲ್ಲ ಎಂಬುದು ಅವನನ್ನು ಸುಡುತ್ತಿತ್ತು. ಅವ್ವ ಚಿಗವ್ವನ ಕೈಯಿಂದ ನೀರನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಕಾಕಾ ಮಾತ್ರ ಏನೂ ಆಗದವನಂತೆ ನನ್ನನ್ನು ಕರೆದು ಮಗ್ಗಿ ಕೇಳುತ್ತಿದ್ದ. ನಾನು ತಪ್ಪು ಹೇಳಿದರೆ ತಿದ್ದುತ್ತಿದ್ದ. ಗುಡ್ಡದ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ನನಗೆ ಅನ್ನ ಇಳಿಯುತ್ತಿರಲಿಲ್ಲ. ಆಯಿ ದೃಷ್ಟಿಯಾಗಿದೆಯೆಂದು ಉಪ್ಪು, ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು.

ಒಂದು ದಿನ ಕಿತ್ತೂರಿನಿಂದ ಆಯಿಯ ಅಣ್ಣ, ನಾವು ದೊಡ್ಡಜ್ಜ ಎನ್ನುತ್ತಿದ್ದವರು, ಬಂದರು. ಅಪ್ಪನೇ ಕರೆಸಿದ್ದ. ಮನೆ ಬೇರೆ ಮಾಡಲು. ಊಟವಾದ ಮೇಲೆ ಪಾತ್ರೆಗಳನ್ನು ಅಂಗಳಕ್ಕೆ ತಂದು ಎರಡು ಪಾಲು ಮಾಡತೊಡಗಿದರು. ಗುಡ್ಡದಿಂದ ಉರುಳಿದವುಗಳ ಮೈಯೆಲ್ಲ ನೆಗ್ಗಿತ್ತು. ಒಂದು ಕೊಳಗ ಆ ಕಡೆ, ಒಂದು ಕೊಳಗ ಈ ಕಡೆ. ಆಯಿ ಹೊಸ್ತಿಲ ಮೇಲೆ ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಹಿತ್ತಾಳೆ ನೆಲಕ್ಕೆ ತಾಗುವ ಸಪ್ಪಳ ಮಾತ್ರ ಕೇಳುತ್ತಿತ್ತು. ದೊಡ್ಡಜ್ಜ ಕೊನೆಯ ಸಲ ಕೇಳುವಂತೆ ಕೇಳಿದರು:

“ಮತ್ತೊಮ್ಮೆ ವಿಚಾರ ಮಾಡಪಾ. ಒಡಹುಟ್ಟಿದವ.”

“ಹೇಳಿದ್ದ ಮಾತು ಕಿವಿಗೆ ಹಾಕ್ಕೊಳದವನ ಜೋಡಿ ಕಸುಬು ಆಗೂದಿಲ್ರಿ,” ಎಂದ ಅಪ್ಪ.

“ಕಾಕಾಗ ನಾ ಹೇಳೇ ಇಲ್ಲ,” ಎಂದೆ.

ನನ್ನ ದನಿ ನನಗೇ ಬೇರೆಯವರದೆನಿಸಿತು. ಎಲ್ಲರೂ ತಿರುಗಿದರು. ಅಪ್ಪ ಹೇಳಿ ಕಳಿಸಿದ್ದೇನು, ನಾನು ಒಯ್ದದ್ದೇನು, ಹೇರುವಾಗ ಹತ್ತಿರ ಹೋಗಿ ಹಿಂದೆ ಸರಿದದ್ದು, ಎಲ್ಲವನ್ನೂ ಹೇಳಿದೆ. ಅವ್ವ ಬಂದು ಕೈ ಎತ್ತಿದಳು. ಮಂಚದ ಮೇಲಿಂದ ಕಾಕಾ, “ವೈನಿ, ಬ್ಯಾಡ್ರಿ” ಎಂದ. ಅವ್ವನ ಕೈ ಕೆಳಗಿಳಿಯಿತು.

ಅಪ್ಪ ಕೈಯಲ್ಲಿದ್ದ ಕೊಳಗವನ್ನು ನೆಲಕ್ಕಿಟ್ಟು ಪಡಸಾಲೆ ಹತ್ತಿ ಮಂಚದ ಮುಂದೆ ನಿಂತ.

“ಸುಳ್ಳ ಯಾಕ ಹೇಳಿದಿ?”

“ಆಕಿ ಸಣ್ಣಾಕಿ. ಗಾಡಿ ನನ್ನ ಕೈಯಾಗಿತ್ತು. ಮತ್ತ, ಆಕಿ ಹೇಳಿದ್ರೂ ನಾ ಕೇಳ್ತಿದ್ನೊ ಇಲ್ಲೊ, ನನಗ ಗೊತ್ತಿಲ್ಲ ಅಣ್ಣಾ. ಖರೇನ ಗೊತ್ತಿಲ್ಲ.”

ಅಪ್ಪ ಮಂಚದ ಅಂಚಿನ ಮೇಲೆ ಕೂತ. ನಡುಮನೆಯ ಕಡೆಗೆ ಒಮ್ಮೆ, ಹಿಂದಿನ ಕೋಣೆಯ ಕಡೆಗೆ ಒಮ್ಮೆ ನೋಡಿದ.

“ಹತ್ತು ಹೆಜ್ಜಿ,” ಎಂದ. “ನಾನ ಎದ್ದು ಬಂದು ಹೇಳಬೇಕಾಗಿತ್ತು.”

ಆಮೇಲೆ ನನ್ನನ್ನು ಕರೆದ. ಹೊಡೆಯುತ್ತಾನೆಂದುಕೊಂಡೆ. ಹೊಡೆಯಲಿಲ್ಲ, ಹತ್ತಿರಕ್ಕೂ ಎಳೆದುಕೊಳ್ಳಲಿಲ್ಲ.

“ಇನ್ನ ಮುಂದ ಈ ಮನ್ಯಾಗ ಯಾರ ಮಾತೂ ನೀ ಒಯ್ಯಬ್ಯಾಡ.”

ಅದು ಶಿಕ್ಷೆಯೋ ಬಿಡುಗಡೆಯೋ ನನಗೆ ಆಗ ತಿಳಿಯಲಿಲ್ಲ. ಹಿತ್ತಲಿಗೆ ಹೋಗಿ ಬಹಳ ಹೊತ್ತು ಅತ್ತೆ. ಚಿಗವ್ವ ಬಂದು ನನ್ನ ಮುಖ ತೊಳೆದಳು. ದೊಡ್ಡಜ್ಜ ಸಂಜೆಯ ಬಸ್ಸಿಗೆ ಕಿತ್ತೂರಿಗೆ ಮರಳಿದರು. ಪಾತ್ರೆಗಳನ್ನು ಮತ್ತೆ ಒಳಗೆ ಒಯ್ದದ್ದು ಅವ್ವ ಮತ್ತು ಚಿಗವ್ವ, ಒಂದೊಂದು ಕಿವಿ ಒಬ್ಬೊಬ್ಬರು ಹಿಡಿದು.

ಕಾಕಾನ ಕಾಲು ಕೂಡಿತು, ಆದರೆ ನಡೆಯುವಾಗ ತುಸು ಎಳೆಯುವುದು ಕೊನೆಯವರೆಗೂ ಉಳಿಯಿತು. ಗಾಡಿ ರಿಪೇರಿಯಾಗಿ ಬಂದ ವಾರ ಟೈರಿನ ಮಾತು ಮತ್ತೆ ಎದ್ದಿತು. ಊಟಕ್ಕೆ ಕೂತಿದ್ದರು. ಗಾಡಿಯ ಜೊತೆ ಬಂದ ಅಳತೆಯವನ್ನೇ ಹಾಕಿಸಬೇಕು ಎಂದ ಅಪ್ಪ.

“ಹಾಕಸು. ಮಳಿ ಬಿದ್ದ ದಿನ ಎತ್ತು ನೀನ ಹುಡುಕಿ ತಾ,” ಎಂದ ಕಾಕಾ.

“ಹಿಂದಿನ ಎರಡು ಗಾಲಿಗೆ ಹಿಡಿತಕ್ಕ ಕಚ್ಚು ಆಳ ಇದ್ದ ಟಾಯರ್ ಹಾಕಸೂಣು. ಎತ್ತರ ಬ್ಯಾಡ.”

“ಕಚ್ಚು ಎಷ್ಟ ಆಳ ಇದ್ರೇನು, ಹೊಟ್ಟಿ ನೆಲಕ್ಕ ಹತ್ತಿದ ಮ್ಯಾಲ?”

“ಹೊಟ್ಟಿ ಹತ್ತೂವಷ್ಟು ಹೇರೂದ ತಪ್ಪು.”

ದನಿಗಳು ಏರಿದವು. ಅಪ್ಪ ತಾಟನ್ನು ಸರಿಸಿ ನೆಲದ ಮೇಲೆ ಬೆರಳಿನಿಂದ ಗುಂಡು ಗೆರೆ ಎಳೆದು ತೋರಿಸಿದ. ಕಾಕಾ ಅದನ್ನು ಅಳಿಸಿ ತನ್ನದನ್ನು ಎಳೆದ. ಆಯಿ, ಉಣ್ಣುವಾಗಲಾದರೂ ಬಾಯಿ ಮುಚ್ಚಿರಿ ಎಂದು ಬೈದು, ರೊಟ್ಟಿಯನ್ನು ಮುರಿದು ಇಬ್ಬರ ತಾಟಿಗೂ ಹಾಕಿದಳು. ನಾನು ಬಾಗಿಲ ಹತ್ತಿರ ನೀರಿನ ತಂಬಿಗೆ ಹಿಡಿದು, ಯಾರಾದರೂ ನನ್ನ ಹೆಸರು ಕರೆಯುತ್ತಾರೆಂದು ಕಾಯುತ್ತ ನಿಂತಿದ್ದೆ. ಊಟ ಮುಗಿಯುವವರೆಗೂ ಜಗಳ ನಡೆಯಿತು. ಯಾರೂ ಕರೆಯಲಿಲ್ಲ.